ತೇವ ಹಿಡಿದ ರಾಕೆಟ್

ನೋಡ್ರಪ್ಪಾ, ಅಪ್ಪನಿಗೆ ಉಬ್ಬಸ ಅಂತ ಈ ದೀಪಾವಳಿಗೆ ಪಟಾಕಿ ಬೇಡ ಅಂದ್ವಿ. ಅಜ್ಜಿ ಮುಖ ಊದಿಸ್ಕೊಂಡ್ರು. ಅವರಿಗೋಸ್ಕರ ಲ್ಯಾಪ್‌ಟಾಪ್‌ನಲ್ಲೇ ರಾಕೆಟ್ ಹಾರೋ ಪ್ರೋಗ್ರಾಂ ಬರೆದೆ. ಇವತ್ತು ಸಂಜೆ ಹಾಲ್‌ನಲ್ಲಿಟ್ಟು, "ಎಂಟರ್ ಒತ್ತು ಅಜ್ಜಿ" ಅಂದೆ.

ಅಜ್ಜಿ ದೂರದಿಂದ ಕೈ ಚಾಚಿ ಒತ್ತಿದವರೇ ಕಿವಿ ಮುಚ್ಕೊಂಡು ಬಾಗಿಲ ಹಿಂದಕ್ಕೆ ಓಡಿದ್ರು. ರಾಕೆಟ್ ಅರ್ಧ ಸ್ಕ್ರೀನ್ ಏರಿ ನಿಂತೇಬಿಡ್ತು. ಪ್ರೋಗ್ರಾಂ ಹ್ಯಾಂಗ್. ಸರಿ ಮಾಡೋಣ ಅಂತ ಹೋದ್ರೆ ಅಜ್ಜಿ ನನ್ನ ಅಂಗಿ ಹಿಡಿದು ಎಳೆದ್ರು.

"ಅತ್ರ ಓಗ್ಬೇಡ ಕಣೋ. ತೇವ ಹಿಡಿದಿರೋದು ಒಂದೊಂದ್ಸಲ ತಡವಾಗಿ ಸಿಡೀತದೆ."

"ಅಜ್ಜಿ, ಅದು ಬರೀ ಕಂಪ್ಯೂಟರ್. ಏನೂ ಆಗಲ್ಲ."

"ನಿಮ್ ತಾತನೂ ಏನೂ ಆಗಲ್ಲ ಅಂತ್ಲೇ ಓಗಿ ಮೀಸೆ ಸುಟ್ಕೊಂಡ್ರು."

ಈಗ ಅಜ್ಜಿ ಬಕೆಟ್‌ನಲ್ಲಿ ನೀರು ತರಕ್ಕೆ ಹೋಗಿದ್ದಾರೆ. ನಾನು ಲ್ಯಾಪ್‌ಟಾಪ್‌ಗೆ ಅಡ್ಡ ನಿಂತಿದೀನಿ. ಕೊಡಿಗೇಹಳ್ಳಿ ಕಡೆ ಯಾರಿದ್ರೂ ಬೇಗ ಬನ್ನಿ. ಪ್ರೋಗ್ರಾಂ ನಾನೇ ಸರಿ ಮಾಡ್ಕೋತೀನಿ, ಅಜ್ಜಿನ ಹಿಡ್ಕೊಂಡ್ರೆ ಸಾಕು.