ಅತ್ತಿಗೆಯ ಅಡುಗೆಕಟ್ಟೆಯ ಕಪ್ಪು ಕಲೆ

ಓಣಿಯವರ ಬಾಯಲ್ಲಿ ಅವಳು ಕಲ್ಲಕ್ಕ. ಕಾಲೇಜಿನಲ್ಲಿ ಭೌತವಿಜ್ಞಾನ ಹೇಳಿಕೊಡುವವಳು, ರಜೆ ಸಿಕ್ಕರೆ ಸಾಕು, ಭೂತಗನ್ನಡಿ ಹಿಡಿದು ಗ್ರಾನೈಟ್ ಮಾರುವಲ್ಲಿಗೆ ನುಗ್ಗುತ್ತಿದ್ದಳು. ಬ್ರಹ್ಮಾಂಡದ ಬಹುಪಾಲು ದ್ರವ್ಯ ಕಣ್ಣಿಗೆ ಕಾಣುವುದಿಲ್ಲ. ಅದರ ಭಾರವಾದ ಚೂರೊಂದು ಎಂದಾದರೂ ಭೂಮಿಯನ್ನು ತೂರಿಹೋಗಿದ್ದರೆ, ಹಾದಿಯಲ್ಲಿನ ಕಲ್ಲು ಕರಗಿ ಮತ್ತೆ ಗಟ್ಟಿಯಾಗಿ, ಚಪ್ಪಡಿಯ ಎರಡೂ ಮೈಮೇಲೆ ಒಂದೇ ಥರದ ದುಂಡು ಕಲೆ ಉಳಿದಿರಬಹುದು ಎಂಬುದು ಕೆಲವು ವಿಜ್ಞಾನಿಗಳ ಊಹೆ. ಅವಳ ಹುಡುಕಾಟ ಆ ಕಲೆಗಾಗಿ.

ವರ್ಷಗಟ್ಟಲೆ ಅಲೆದರೂ ಸಿಕ್ಕಿದ್ದು ತುಕ್ಕು, ಎಣ್ಣೆ ಜಿಡ್ಡು, ಜೊತೆಗೆ ಪಾಲಿಶ್ ಮಾಡುವವರ ಬೈಗುಳ. "ಮೇಡಂ, ನಾವು ಕಲೆ ಇಲ್ಲ ಅಂತ ಬಾಯಿ ಬಡ್ಕೊಂಡು ಮಾರ್ತೀವಿ. ನೀವು ಅದನ್ನೇ ಹುಡುಕ್ತೀರಲ್ಲ!"

ಹೀಗಿರುವಾಗ ಅಣ್ಣನ ಮನೆಯ ಅಡುಗೆಕಟ್ಟೆಯಲ್ಲಿ, ಗ್ಯಾಸ್ ಒಲೆ ಸರಿಸಿದ ಜಾಗದಲ್ಲಿ, ಬಳೆಯಷ್ಟು ಅಗಲದ ಕಪ್ಪು ವೃತ್ತ ಕಂಡಿತು. ಉಜ್ಜಿದಳು, ಕೆರೆದಳು. ಹೋಗಲಿಲ್ಲ.

"ಅತ್ತಿಗೆ, ಈ ಕಲ್ಲಿನ ಅಡಿ ನೋಡ್ಬೇಕಿತ್ತು."

"ಅಡಿಗೆಲ್ಲ ಸಿಮೆಂಟ್ ಮೆತ್ತಿದೆ ಕಣೇ. ಕಟ್ಟೆ ಕಿತ್ತು ನೋಡ್ತೀಯಾ? ತಲೆ ನೆಟ್ಟಗಿದೆ ತಾನೇ?"

ಕಲ್ಲಕ್ಕ ಬಿಡಲಿಲ್ಲ. ಊಟಕ್ಕೆ ಕೂತರೂ ಅದೇ, ಫೋನ್ ಮಾಡಿದರೂ ಅದೇ. ಅಣ್ಣ ಈ ಮಾತು ಬಂದೊಡನೆ ಸ್ನಾನದ ಮನೆ ಸೇರಿಕೊಳ್ಳುತ್ತಿದ್ದ. ಕೊನೆಗೆ ಅತ್ತಿಗೆಗೇ ಸಾಕುಸಾಕಾಯಿತು. "ಕಿತ್ಕೊಂಡು ಹಾಳಾಗ್ಹೋಗು! ನಿನ್ನ ಕೊರೆತಕ್ಕಿಂತ ಅದೇ ವಾಸಿ."

ಗಾರೆ ಮೇಸ್ತ್ರಿ ಬಂದ. ಹಾರೆ ಹಾಕಿ ಮೀಟಿದ್ದೇ ತಡ, ಚಪ್ಪಡಿ ಸರಿಯಾಗಿ ಕಲೆಯ ನಡುವೆಯೇ ಎರಡು ಹೋಳಾಯಿತು. ಕಲ್ಲಕ್ಕ ಧೂಳಿನಲ್ಲೇ ಮಂಡಿಯೂರಿ ನೋಡಿದಳು. ಕಪ್ಪು, ಕಲ್ಲಿನ ಅರ್ಧ ದಪ್ಪಕ್ಕೇ ಮುಗಿದಿತ್ತು. ಕಲ್ಲು ಹುಟ್ಟುವಾಗಲೇ ಸೇರಿಕೊಂಡಿದ್ದ ಬರೀ ಖನಿಜದ ಗಂಟು. ಕೆಳಮೈ ಬೋಳು.

"ಏನಂತೆ?" ಅತ್ತಿಗೆ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

"ಇಲ್ಲ."

"ಇಷ್ಟೆಲ್ಲ ಮಾಡಿ, ಇಲ್ವಾ?"

"ಇಲ್ಲ ಅಂತ ಗ್ಯಾರಂಟಿ ಆಯ್ತಲ್ಲ ಅತ್ತಿಗೆ, ಅದೂ ಒಂದು..."

"ಬಾಯ್ಮುಚ್ಚು!"

ವಾರವಿಡೀ ಆ ಮನೆಯಲ್ಲಿ ನೆಲದ ಮೇಲೆಯೇ ಅಡುಗೆ. ಕಲ್ಲಕ್ಕ ದಿನಾ ಸಂಜೆ ಬಂದು, ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಂಡು, ಪಾತ್ರೆ ತೊಳೆದುಕೊಟ್ಟಳು. ಅತ್ತಿಗೆ ಅವನ್ನೇ ಮತ್ತೊಮ್ಮೆ ತೊಳೆದಿಟ್ಟಳು. ಭಾನುವಾರ ಹೊಸ ಚಪ್ಪಡಿ ತರಲು ಹೊರಟಾಗ ಮಾತ್ರ ನಾದಿನಿಯ ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು. ಒಂದು ಕಲ್ಲನ್ನು ಆರಿಸಿ, ಕೆಲಸದವರಿಂದ ಎತ್ತಿ ನಿಲ್ಲಿಸಿದಳು.

"ಈ ಕಡೆ, ಆ ಕಡೆ, ಎರಡೂ ಕಣ್ತುಂಬ ನೋಡ್ಕೊ. ಮನೆಗೆ ಹೋದ್ಮೇಲೆ ಉಸಿರೆತ್ತಿದ್ರೆ ಜೋಕೆ!"

ಕಲ್ಲಕ್ಕ ಬಿಸಿಲು ನೆತ್ತಿಗೇರುವವರೆಗೂ ನೋಡಿದಳು. ಏನೇನೂ ಇರಲಿಲ್ಲ. ಅತ್ತಿಗೆ ಅದನ್ನೇ ಕೊಂಡಳು.