ಎಡೆಯ ಕೋಣೆಯಲ್ಲಿ ಕ್ಯಾಮೆರಾ

ನಿನ್ನೆ ಕುಂದಾಪುರದ ಒಂದು ಮದುವೆಯೂಟದಲ್ಲಿ ಬಾಳೆಎಲೆಯ ಚಿತ್ರ ತೆಗೆಯಲು ಮೊಬೈಲ್ ಹಿಡಿದೆ. ಪರದೆಯ ಮೇಲೆ ಎಲೆ ಒಮ್ಮೆ ಮಸುಕಾಗಿ ಮತ್ತೆ ತಿಳಿಯಾಯಿತು. ಅಷ್ಟೇ. ನಿಮಗೂ ಎಷ್ಟೋ ಸಲ ಹೀಗಾಗಿರುತ್ತದೆ. ನೀವು ಇನ್ನೊಂದು ಚಿತ್ರ ತೆಗೆದು ಊಟ ಶುರುಮಾಡುತ್ತೀರಿ. ನಾನು ಮಾತ್ರ ಉಣ್ಣದೆ ಎಲೆ ಮಡಚಿ ಎದ್ದೆ.

2007ರಲ್ಲಿ ನಾನು ಮಾನವಶಾಸ್ತ್ರದ ವಿದ್ಯಾರ್ಥಿ. ಊರಿನ ಆಚರಣೆಗಳನ್ನು ಕ್ಯಾಮೆರಾದಲ್ಲಿ ಹಿಡಿಯುವುದು ನನ್ನ ಅಧ್ಯಯನ. ದಿನಚರಿಯಲ್ಲಿ ತಾರೀಕು ಹಾಕಿ, ಗೆರೆ ಎಳೆದು, ಪುಟವನ್ನು ಕಂಡದ್ದು, ಕೇಳಿದ್ದು, ಮೂಗಿಗೆ ಬಂದದ್ದು ಎಂದು ಮೂರು ಪಾಲು ಮಾಡುತ್ತಿದ್ದೆ. ಒಣಮೀನಿನ ಬೆಳಗಿನ ವಾಸನೆಯನ್ನೂ ಸಂಜೆಯ ವಾಸನೆಯನ್ನೂ ಬೇರೆ ಬೇರೆ ಬರೆದಿಟ್ಟ ಮಹಾನುಭಾವ ನಾನು. ಈ ಮೂರು ಪಾಲಿಗೆ ಸೇರದ್ದು ಲೋಕದಲ್ಲಿ ಏನೂ ಇಲ್ಲವೆಂದು ನಂಬಿದ್ದೆ.

ಕುಂದಾಪುರದಾಚೆಯ ಕಡಲ ದಡದ ಊರು ನಾವುಂದದ ಗಿರಿಜಕ್ಕನ ಪರಿಚಯವಾದದ್ದು ಮೀನು ಒಣಗಿಸುವ ಅವರ ಅಂಗಳದಲ್ಲಿಯೇ. ಅವರ ಮಗ ಸುರೇಶ ವರ್ಷಗಳ ಹಿಂದೆ ದೋಣಿಯಲ್ಲಿ ಮೀನಿಗೆ ಹೋದವನು ತಿರುಗಿ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಅವರ ಮನೆಯಲ್ಲಿ ವರ್ಷಕ್ಕೊಮ್ಮೆ ತೀರಿಹೋದವರಿಗೆ ಎಡೆ ಬಡಿಸುತ್ತಿದ್ದರು. ಒಳಕೋಣೆಯಲ್ಲಿ ದೀಪವಿಟ್ಟು, ಎಲೆ ಹಾಕಿ, ಅವರಿಗಿಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ, ಹೊರಗೆ ಸುಮ್ಮನೆ ಕೂರುವುದು. ಸತ್ತವರು ಉಣ್ಣುವುದನ್ನು ಬದುಕಿದ್ದವರು ನೋಡಬಾರದು. ಸುರೇಶನಿಗೂ ಒಂದೆಲೆ ಹಾಕಬೇಕೆಂದು ಗಿರಿಜಕ್ಕನ ಮೈದುನ ಶೀನಣ್ಣ ಹಟ ಹಿಡಿದಿದ್ದರು. ಜೀವ ಹಸಿದುಕೊಂಡು ಅಲೆಯಬಾರದಂತೆ. ಎಲೆ ಹಾಕಿದರೆ ಮಗ ಸತ್ತನೆಂದು ತಾನೇ ಒಪ್ಪಿದ ಹಾಗೆ ಎಂದು ಗಿರಿಜಕ್ಕ ಅಷ್ಟೂ ವರ್ಷ ತಡೆದಿದ್ದರು.

ಆ ವರ್ಷ ಒಪ್ಪಿದರು. ಅದಕ್ಕೊಂದು ಷರತ್ತಿತ್ತು, ನನ್ನ ಕೈ ಹಿಡಿದು ಹೇಳಿದರು. “ನಿನ್ ಕ್ಯಾಮೆರಾ ಒಳಗಿಡ್ ಮಗಾ. ನಾವ್ ಕಾಂಬುಕಾಗ, ಅದ್ ಕಂಡ್ರೆ ಅಡ್ಡಿಲ್ಲ. ಅಂವ ಬಪ್ಪುದಿಲ್ಲ. ಬರ್ಲಿಲ್ಲ ಅಂದ್ ಗೊತ್ತಾರೆ, ಮತ್ತೆ ಯಾರೂ ಅಂವ ಸತ್ತ ಅಂದ್ ಹೇಳುಕಾಗ.”

ಶೀನಣ್ಣ ನನ್ನ ಕ್ಯಾಮೆರಾ ಸ್ಟ್ಯಾಂಡನ್ನು ಮೇಲೆ ಕೆಳಗೆ ನೋಡಿ, “ಹ್ವಾಯ್, ಸತ್ತರ್ ಫೋಟೋ ತೆಗೂಕೆ ಬಂದದ್ದಾ? ನಗಾಡಿ ಅಂದ್ರೆ ಅವ್ರ್ ನಗಾಡುದಿಲ್ಲ ಕಾಣಿ” ಎಂದರು. ಯಾರೂ ನಗಲಿಲ್ಲ, ಸ್ವತಃ ಅವರೂ.

ಹಿರಿಯರ ಎಲೆಗಳ ಕೊನೆಯಲ್ಲಿ ಸುರೇಶನ ಎಲೆ ಬಿತ್ತು. ಕ್ಯಾಮೆರಾವನ್ನು ಅದಕ್ಕೇ ತಿರುಗಿಸಿಟ್ಟು ಹೊರಬಂದೆ. ಮಟಮಟ ಮಧ್ಯಾಹ್ನ. ಎಲ್ಲರೂ ಜಗಲಿಯಲ್ಲಿ ಕಡಲಿನ ಸದ್ದು ಕೇಳುತ್ತ ಕೂತೆವು. ಆಮೇಲೆ ಶೀನಣ್ಣ ಬಾಗಿಲು ತಟ್ಟಿ ತೆರೆದರು. ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಗಿರಿಜಕ್ಕನ ಮುಖದ ಬಿಗಿ ಸಡಿಲಾದದ್ದನ್ನು ನಾನು ಕಂಡೆ.

ಜಗಲಿಯ ಮೂಲೆಯಲ್ಲಿ ಕೂತು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಟೇಪು ತಿರುಗಿಸಿದೆ. ಎಲೆ, ಅದರಾಚೆ ದೀಪ. ತುಂಬ ಹೊತ್ತು ಅಷ್ಟೇ. ಆಮೇಲೆ ಎಲೆಯೂ ದೀಪವೂ ಒಟ್ಟಿಗೇ ಮಸುಕಾದವು. ನನ್ನ ಕ್ಯಾಮೆರಾ ಹಾಗೆ ಮಾಡುತ್ತಿದ್ದದ್ದು, ನಡುವೆ ಯಾರಾದರೂ ಬಂದು ಕೂತಾಗ. ದೂರದ್ದನ್ನು ಬಿಟ್ಟು ಹತ್ತಿರದವರನ್ನು ಹಿಡಿಯುತ್ತಿತ್ತು. ಇಲ್ಲಿ ಹತ್ತಿರ ಯಾರೂ ಇರಲಿಲ್ಲ. ಒಬ್ಬರು ನಿಧಾನವಾಗಿ ಉಂಡು ಏಳುವಷ್ಟು ಹೊತ್ತು ಎಲೆ ಹಾಗೆಯೇ ಮಸುಕಾಗಿತ್ತು. ಅನ್ನದ ಆವಿ ಎಂದುಕೊಂಡೆ. ಆದರೆ ಅನ್ನ ಅದಕ್ಕೆ ಎಷ್ಟೋ ಮೊದಲೇ ಆರಿಹೋಗಿತ್ತು.

“ಯಾರೂ ಬರ್ಲಿಲ್ಲ ಅಲ್ದಾ?” ಗಿರಿಜಕ್ಕ ಬಂದು ಪಕ್ಕದಲ್ಲಿ ಕೂತಿದ್ದರು.

ಟೇಪನ್ನು ಹಿಂದೆ ತಿರುಗಿಸಿ ಅವರ ಮುಂದೆ ಹಿಡಿದೆ. ಮಸುಕಾದಾಗ, ಮಿಷನ್ನೇ ಸರಿಯಿಲ್ಲ ಎನ್ನಲು ಹೊರಟೆ. ಅವರು ನನ್ನ ಮೊಣಕೈ ಮುಟ್ಟಿದರು.

“ಅದ್ರ್ ಶಬ್ದ ಕಮ್ಮಿ ಮಾಡ್,” ಎಂದರು, ತೀರ ಮೆಲ್ಲಗೆ. “ಉಂಬ ಹೊತ್ತಿಗೆ ಗಲಾಟಿ ಮಾಡುಕಾಗ.”

ಎಲೆ ತಿಳಿಯಾಗುವವರೆಗೂ ನೋಡಿದರು. ಆಮೇಲೆ ಎದ್ದು, ಒಂದು ಚೊಂಬು ನೀರು ತುಂಬಿಸಿಕೊಂಡು ಒಳಕೋಣೆಗೆ ಹೋದರು. ಕೈ ತೊಳೆಯಲು ಅವನಿಗೆ ನೀರಿಟ್ಟಿರಲಿಲ್ಲವಂತೆ.

ವರದಿಯಲ್ಲಿ ನಾನು ಆವಿ ಎಂದೇ ಬರೆದೆ, ನನಗೆ ಕಲಿಸುತ್ತಿದ್ದ ಮೇಷ್ಟರೂ ಒಪ್ಪಿದರು. ಟೇಪು ಈಗ ಕಂಪ್ಯೂಟರಿನಲ್ಲಿದೆ. ನಿನ್ನೆ ಮನೆಗೆ ಬಂದು, ಬಹಳ ವರ್ಷಗಳ ಮೇಲೆ, ಅದನ್ನು ತೆರೆದೆ. ಎಲೆ ಮಸುಕಾಗತೊಡಗಿದ್ದೇ ಪರದೆಗೆ ಬೆನ್ನು ಮಾಡಿ ಕೂತೆ. ಅವನ ಊಟ ಮುಗಿಯಲಿ ಎಂದು.