ಆರು ಡಬ್ಬಿಗಳ ಮುಚ್ಚಳ

ಪಾಟೀಲರೇ, ನಿಮ್ಮ ಯಂತ್ರ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು—ಕೈತಪ್ಪಿನಿಂದಲ್ಲ, ಬೇಕೆಂದೇ.

ಎಂಬತ್ತರ ದಶಕದ ಆರಂಭ. ಹೆಬ್ಬಾಳದ ನಮ್ಮ ಮಣ್ಣಿನ ಪ್ರಯೋಗಾಲಯಕ್ಕೆ ನೀವು ಧಾರವಾಡದಿಂದ ಆ ಇನ್‌ಫ್ರಾರೆಡ್ ಯಂತ್ರ ತಂದಿರಿ. ಜಕ್ಕೂರಿನಿಂದ ಹಾರುವ ಪುಟ್ಟ ವಿಮಾನದಲ್ಲಿಟ್ಟರೆ ಸಾಕು—ನೆಲದಿಂದ ಏಳುವ, ಕಣ್ಣಿಗೆ ಕಾಣದ ಕಿರಣವನ್ನು ಅಳೆದು, ಯಾವ ಹೊಲ ಒದ್ದೆ, ಯಾವುದು ಒಣ ಎಂದು ಮೇಲಿನಿಂದಲೇ ಹೇಳುತ್ತದೆ ಎಂದಿರಿ. ನಾನೋ, ಹದಿನೆಂಟು ವರ್ಷ ಮಣ್ಣನ್ನು ಬೆರಳಲ್ಲಿ ತಿಕ್ಕಿ, ಚಿಟಿಕೆಯಷ್ಟು ಹಲ್ಲಿಗಿಟ್ಟು, ಮರಳೋ ಜೇಡಿಯೋ ಎಂದು ಹೇಳುತ್ತಿದ್ದವನು. ಅದನ್ನು ಕಂಡು ನೀವು ಎಲ್ಲರೆದುರು—

"ಮೂರ್ತಿ ಅವರ, ವಿಮಾನ ಬಂದದರೀ. ಇನ್ನರ ಮಣ್ಣ ತಿನ್ನೋದು ಬಿಡ್ರಿ!"

ಅಟೆಂಡರ್ ನಂಜಪ್ಪನೂ ಸೇರಿಕೊಂಡ: "ಅಂಗಾದ್ರೆ ಸಾರು ಇನ್ಮೇಲೆ ಊಟಕ್ಕೆ ಮನೇಗೇ ಓಗ್ತಾರೆ ಬುಡಿ!"

ನೀವು ಅಂದೇ ಮರೆತಿರಿ. ನನಗೆ ಮಾತ್ರ ಎರಡು ತಿಂಗಳು, ಕ್ಯಾಂಟೀನಿಗೆ ಕಾಲಿಟ್ಟರೆ ಸಾಕು, "ಮಣ್ಣೂಟ ಆಯ್ತಾ ಸಾರ್?" ನಗದೆ, ಬೈಯದೆ, ಕಾದೆ.

ಕೊನೆಯ ಹಾರಾಟದ ದಿನ ಬಂತು. ವಿಮಾನದ ಅಂಕಿಗೂ ನಾನು ಮಣ್ಣು ತೂಗಿ ಬರೆಯುವ ಅಂಕಿಗೂ ಹೊಂದಿಕೆಯಾದರೆ ಯೋಜನೆ ಮುಂದುವರಿಯುತ್ತದೆ. ಇಲ್ಲವಾದರೆ ನೀವು ಧಾರವಾಡದ ಹಳೆಯ ಹುದ್ದೆಗೆ ವಾಪಸ್. ನೀವು ಅಮೃತಹಳ್ಳಿಯ ಹೊಲಗಳ ಮೇಲೆ ಹಾರುವಾಗ ನಾನು ಕೆಳಗೆ ಅದೇ ಹೊಲಗಳ ಮಣ್ಣನ್ನು ಡಬ್ಬಿಗೆ ತುಂಬಿ, ತೇವ ಆರದಂತೆ ಮುಚ್ಚಿದೆ. ಹಸಿ ತೂಕ, ಆಮೇಲೆ ಒಲೆಯಲ್ಲಿ ಒಣಗಿಸಿದ ತೂಕ—ವ್ಯತ್ಯಾಸವೇ ತೇವ.

ಪ್ರಯೋಗಾಲಯಕ್ಕೆ ಬಂದು ಹಸಿ ತೂಕವನ್ನು ಸರಿಯಾಗಿಯೇ ತೂಗಿ, ಚೀಟಿಯಲ್ಲಿ ಬರೆದುಕೊಂಡೆ. ಕೈಗೆ ಬೇರೆ ರೀತಿ ಗೊತ್ತಿರಲಿಲ್ಲ. ಬಳಿಕ, ನೀರು ಹಾಯಿಸಿದ್ದ ಹೊಲಗಳ ಆರು ಡಬ್ಬಿಗಳ ಮುಚ್ಚಳ ತೆಗೆದೆ. ಮಧ್ಯಾಹ್ನವಿಡೀ ಕಿಟಕಿಯ ಬಿಸಿಲಲ್ಲಿಟ್ಟೆ. ಮತ್ತೆ ತೂಗಿ, ಆ ತೂಕವನ್ನೇ ರಿಜಿಸ್ಟರಿಗೆ ಬರೆದೆ. ನೀವು ಒದ್ದೆ ಎಂದ ಹೊಲಗಳೆಲ್ಲ ನನ್ನ ಅಕ್ಷರದಲ್ಲಿ ಒಣಗಿಹೋದವು.

ಸಭೆಯಲ್ಲಿ ನಿಮ್ಮನ್ನು ಎಲ್ಲರೂ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ—ಅದಕ್ಕಾಗಿಯೇ ಮುಂದಿನ ಕುರ್ಚಿ ಹಿಡಿದಿದ್ದೆ. ನಿರ್ದೇಶಕರು ಕೇಳಿದರು: "ತೂಕದಲ್ಲೇ ಏನಾದ್ರೂ ತಪ್ಪಾಗಿರ್ಬಹುದಲ್ವೇನ್ರೀ ಪಾಟೀಲ್?" ನೀವು ಹೂಂ ಎಂದಿದ್ದರೆ ಮರುತೂಕ, ಮತ್ತೊಂದು ಹಾರಾಟ... ಉಳಿಯುತ್ತಿದ್ದಿರಿ.

"ಇಲ್ಲರೀ ಸರ್. ಮೂರ್ತಿ ಅವರು ತೂಗ್ಯಾರಂದ್ರ ಮುಗೀತು. ತಪ್ಪು ನನ್ನ ಯಂತ್ರದ್ದ."

ಪಶ್ಚಾತ್ತಾಪ ಒಡನೆಯೇ ಬಂತು ಎಂದು ಬರೆದರೆ ಇನ್ನೊಂದು ಸುಳ್ಳಾದೀತು. ಸಂತೋಷವಾಯಿತು. ಅವತ್ತು ಕ್ಯಾಂಟೀನಿನಲ್ಲಿ ಎರಡು ಮಸಾಲೆದೋಸೆ ತಿಂದೆ. ಯಶವಂತಪುರ ಸ್ಟೇಷನ್ನಿಗೆ ನಿಮ್ಮನ್ನು ಬಿಡಲು ಬಂದೆ. ಟ್ರಂಕು ಎತ್ತಿ ಕೊಟ್ಟೆ. ರೈಲು ಮರೆಯಾಗುವವರೆಗೆ ನಿಂತೆ—ನೀವು ಹೋದದ್ದು ಖಾತ್ರಿಯಾಗಲಿ ಎಂದು.

ಹಾಸ್ಯವೊಂದಕ್ಕೆ ನಿಮ್ಮ ಇಡೀ ಕೆಲಸವನ್ನೇ ಕಿತ್ತುಕೊಂಡೆ. ಅದೂ, ಅಲ್ಲಿ ನನ್ನನ್ನು ಪೂರ್ತಿ ನಂಬಿದ್ದ ಒಬ್ಬರೇ ಒಬ್ಬರಿಂದ.

ಸರಿಯಾದ ಹಸಿ ತೂಕ ಬರೆದುಕೊಂಡಿದ್ದ ಆ ಚೀಟಿ ಈ ಪತ್ರದ ಜೊತೆಗಿದೆ. ಆರೂ ತೂಕಗಳು ನಿಮ್ಮ ಅಂಕಿಗೆ ಹೊಂದುತ್ತವೆ. ಇದು ನನಗೆ ಸಭೆಗೆ ಮುಂಚೆಯೇ ಗೊತ್ತಿತ್ತು. ಯಾರಿಗೆ ತೋರಿಸಬೇಕೋ ತೋರಿಸಿ, ನನ್ನ ಹೆಸರು ಸಹಿತ. ಯಾರು ಬಂದು ಕೇಳಿದರೂ, ಹೌದು ಎನ್ನುತ್ತೇನೆ.